ಪಿಸ್ತೂಲಿನ ಒರಟು ಹಿಡಿಕೆ ಮತ್ತು ಮಕ್ಕಳ ಅಂಗೈ

ಕೊಲ್ಹಾಪುರ ಅಂದ್ರೆ ಕುಸ್ತಿ, ಬೆಲ್ಲ, ಚಪ್ಪಲಿ ಅಂತ ಹೇಳಿಕೊಂಡು ಬಂದವರು ನಾವು. ಈಗ ಆ ಪಟ್ಟಿಗೆ ಶೂಟಿಂಗ್ ಕೂಡ ಸೇರಿದೆ. 2010ರಲ್ಲಿ ಮ್ಯೂನಿಕ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ತೇಜಸ್ವಿನಿ ಸಾವಂತ್ 50 ಮೀಟರ್ ರೈಫಲ್ ಸ್ಪರ್ಧೆಯ ಚಿನ್ನ ಗೆದ್ದರು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ರಾಹಿ ಸರ್ನೋಬತ್ 25 ಮೀಟರ್ ಪಿಸ್ತೂಲಿನಲ್ಲಿ ಚಿನ್ನ ಪಡೆದು, ಆ ಕೂಟದ ಶೂಟಿಂಗ್‌ನಲ್ಲಿ ಚಿನ್ನ ಗೆದ್ದ ಭಾರತದ ಮೊದಲ ಮಹಿಳೆಯಾದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ರಾಧಾನಗರಿ ತಾಲೂಕಿನ ಕಾಂಬಳವಾಡಿಯ ಸ್ವಪ್ನಿಲ್ ಕುಸಾಳೆ ರೈಫಲ್‌ನಲ್ಲಿ ಕಂಚು ತಂದರು. ಇವರನ್ನು ನೋಡಿ ಗಡಹಿಂಗ್ಲಜ, ಇಚಲಕರಂಜಿ ಕಡೆಯ ಮಕ್ಕಳೂ ಏರ್ ಪಿಸ್ತೂಲು ಹಿಡಿಯುವ ಕನಸು ಕಾಣುತ್ತಿದ್ದಾರೆ.

ಅಂಥ ಮಕ್ಕಳಿಂದ ಒಂದು ಮಾತು ಪದೇ ಪದೇ ಕೇಳಿಬರುತ್ತದೆ: "ಸರ್, ಹಿಡಿಕಿ ಭಾಳ ಒರಟ ಐತ್ರಿ, ಕೈ ಉರೀತೈತಿ." ಹಿರಿಯರ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: "ಕೈ ಜಡ್ಡುಗಟ್ಟಿದ ಮೇಲೆ ಎಲ್ಲಾ ಸರಿ ಹೋಗ್ತದ." ತಾಲೀಮಿನ ಊರಿನಲ್ಲಿ ನೋವು ಸಹಿಸುವುದೇ ಸಾಧನೆ ಅನ್ನುವ ನಂಬಿಕೆ ಗಟ್ಟಿ. ಆದರೆ ಇದು ಬರೀ ಸಹನೆಯ ಮಾತಲ್ಲ. ಘರ್ಷಣೆ, ಒತ್ತಡ, ಸಂವೇಗ ಅಂತ ನಾವು ಕಲಿಸುವ ಮೂರು ಪಾಠಗಳೂ ಆ ಅಂಗೈಯಲ್ಲಿವೆ.

ಹಿಡಿಕೆ ಒರಟು ಯಾಕೆ?

ಸ್ಪರ್ಧೆಯ ಪಿಸ್ತೂಲಿನ ಹಿಡಿಕೆಯನ್ನು ಹೆಚ್ಚಾಗಿ ಅಕ್ರೋಟ ಮರದಲ್ಲಿ ಅಂಗೈಯ ಆಕಾರಕ್ಕೆ ಕೆತ್ತಿ, ಮೇಲೆ ಸಣ್ಣ ಸಣ್ಣ ಗುಂಡಿಗಳನ್ನೋ ಗೀರುಗಳನ್ನೋ ಹಾಕಿರುತ್ತಾರೆ. ಒರಟಾದಷ್ಟೂ ಹಿಡಿತ ಜಾಸ್ತಿ ಅಂತ ಮಕ್ಕಳು ಹೇಳುತ್ತಾರೆ. ಇದು ಅರ್ಧ ಸತ್ಯ.

ಘರ್ಷಣೆ ತಾಗುವ ವಿಸ್ತೀರ್ಣವನ್ನು ಅವಲಂಬಿಸುವುದಿಲ್ಲ ಅನ್ನುವ ನಿಯಮ ಗಟ್ಟಿ ವಸ್ತುಗಳಿಗೆ ಚೆನ್ನಾಗಿ ಒಪ್ಪುತ್ತದೆ. ಚರ್ಮ ಮೆತ್ತಗಿನದು, ಒತ್ತಿದರೆ ಹರಡುತ್ತದೆ. ಒಣ ಕೈಗಿಂತ ಸ್ವಲ್ಪ ತೇವದ ಕೈಗೆ ಹಿಡಿತ ಹೆಚ್ಚು. ನೋಟು ಎಣಿಸುವಾಗ ಬೆರಳು ಒದ್ದೆ ಮಾಡಿಕೊಳ್ಳುವುದು ಇದಕ್ಕೇ. ಆದರೆ ಬೆವರು ಪದರವಾಗಿ ನಿಂತರೆ ಕೈ ಜಾರುತ್ತದೆ. ಅಂಗೈ ಸೆಕೆಗಿಂತಲೂ ಆತಂಕಕ್ಕೆ ಬೆವರುತ್ತದೆ. ಪರೀಕ್ಷಾ ಹಾಲಿನಲ್ಲಿ ಅದನ್ನು ನಾವೆಲ್ಲ ನೋಡಿದ್ದೇವೆ, ಸ್ಪರ್ಧೆಯಲ್ಲೂ ಹಾಗೆಯೇ. ಹಿಡಿಕೆಯ ತಗ್ಗುಗಳು ಆ ಬೆವರಿಗೆ ದಾರಿ ಮಾಡಿಕೊಡುತ್ತವೆ. ಮಳೆಯಲ್ಲಿ ಬೈಕಿನ ಟೈರಿನ ಗೀರುಗಳು ಮಾಡುವ ಕೆಲಸವೂ ಇದೇ. ಅಖಾಡದ ಪೈಲವಾನರು ಮೈಗೆ ಕೆಂಪು ಮಣ್ಣು ಉಜ್ಜಿಕೊಳ್ಳುವುದೂ ಬೆವರಿನ ಜಾರಿಕೆ ತಡೆಯಲಿಕ್ಕೆ.

ಅಂದರೆ ತಗ್ಗುಗಳಿಂದ ಉಪಕಾರವೇ ಹೆಚ್ಚು. ಚರ್ಮಕ್ಕೆ ತೊಂದರೆ ಕೊಡುವುದು ಚೂಪಾದ ಉಬ್ಬುಗಳು. ಒತ್ತಡ ಅಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಅದೇ ಬಲ ನುಣುಪು ಮರದ ಮೇಲೆ ಹರಡಿಕೊಳ್ಳುತ್ತದೆ, ಚೂಪು ತುದಿಗಳ ಮೇಲೆ ಕೆಲವೇ ಬಿಂದುಗಳಿಗೆ ಬೀಳುತ್ತದೆ. ಇಚಲಕರಂಜಿಯ ಮಗ್ಗಗಳಲ್ಲಿ ಇದನ್ನೇ ನೋಡಬಹುದು. ನೇಯ್ದ ಬಟ್ಟೆಯನ್ನು ಎಳೆಯುವ ರೋಲರಿಗೆ ಒರಟು ಮೈ ಇರುತ್ತದೆ, ಇಲ್ಲದಿದ್ದರೆ ಬಟ್ಟೆ ಜಾರುತ್ತದೆ. ನಾಜೂಕು ಬಟ್ಟೆಗೆ ಮಾತ್ರ ರೋಲರಿನ ಮೇಲೆ ರಬ್ಬರ್ ಹೊದಿಸುತ್ತಾರೆ. ಹಿಡಿತವೂ ಬೇಕು, ಎಳೆಯೂ ಹರಿಯಬಾರದು. ಮಕ್ಕಳ ಅಂಗೈ ಆ ನಾಜೂಕು ಬಟ್ಟೆ ಇದ್ದಂತೆ.

ಒಂದು ಗುಂಡು, ನೂರು ಎತ್ತು

ಒಂಬತ್ತನೆಯ ಇಯತ್ತೆಯ ಮಕ್ಕಳಿಗೆ ಈ ಲೆಕ್ಕ ಕೊಡಿ. ಏರ್ ಪಿಸ್ತೂಲಿನ ಸೀಸದ ಗುಂಡು ಸುಮಾರು 0.5 ಗ್ರಾಂ, ವೇಗ ಸೆಕೆಂಡಿಗೆ 160 ಮೀಟರ್ ಅಂತ ಇಟ್ಟುಕೊಂಡರೆ ಸಂವೇಗ 0.08 ಕಿ.ಗ್ರಾಂ. ಮೀ./ಸೆ. ಒಂದು ಕಿಲೋ ತೂಕದ ಪಿಸ್ತೂಲು ಹಿಂದಕ್ಕೆ ಬರುವ ವೇಗ 0.08 ಮೀ./ಸೆ. 25 ಮೀಟರ್ ಸ್ಪರ್ಧೆಯ ಪಾಯಿಂಟ್ 22 ಪಿಸ್ತೂಲಿನ ಗುಂಡು ಸುಮಾರು 2.6 ಗ್ರಾಂ, ವೇಗ 320 ಮೀಟರ್. ಸಂವೇಗ 0.83. ಪಿಸ್ತೂಲು 1.2 ಕಿಲೋ ಇದ್ದರೆ ಹಿಂದಕ್ಕೆ ಬರುವ ವೇಗ ಸುಮಾರು 0.7 ಮೀ./ಸೆ. ಮದ್ದಿನ ಅನಿಲದ ಪಾಲು ಬಿಟ್ಟರೂ ಹೆಚ್ಚುಕಡಿಮೆ ಒಂಬತ್ತು ಪಟ್ಟು.

ಹಂಗಾದ್ರೆ ಏರ್ ಪಿಸ್ತೂಲಿನ ಮಕ್ಕಳಿಗೆ ಕೈ ಯಾಕೆ ಉರೀಬೇಕು? ಅಲ್ಲಿ ಒದೆತಕ್ಕಿಂತ ಪುನರಾವರ್ತನೆ ಮುಖ್ಯ. 10 ಮೀಟರ್ ಪಂದ್ಯದಲ್ಲಿ 75 ನಿಮಿಷಕ್ಕೆ 60 ಗುಂಡು. ಪ್ರತಿ ಗುಂಡಿಗೂ ಒಂದೇ ಕೈಯಲ್ಲಿ ಪಿಸ್ತೂಲು ಎತ್ತಬೇಕು, ಸರಿ ಕಾಣದಿದ್ದರೆ ಇಳಿಸಿ ಮತ್ತೆ ಎತ್ತಬೇಕು. ಗುಂಡಿಲ್ಲದೆ ಮಾಡುವ ಒಣ ಅಭ್ಯಾಸದಲ್ಲೂ ಹಿಡಿಕೆ ಅದೇ, ಎತ್ತುವುದೂ ಅದೇ. ಹೀಗಾಗಿ ಗುಂಡುಗಳನ್ನಷ್ಟೇ ಎಣಿಸಿದರೆ ಚರ್ಮದ ದುಡಿಮೆ ಲೆಕ್ಕಕ್ಕೆ ಸಿಗುವುದಿಲ್ಲ.

ಒಂದೇ ಜಾಗ ನಿಧಾನವಾಗಿ ಒತ್ತಿಸಿಕೊಂಡರೆ ಚರ್ಮ ಹೊರಪದರವನ್ನು ದಪ್ಪ ಮಾಡಿಕೊಳ್ಳುತ್ತದೆ, ಅದೇ ಜಡ್ಡು. ಆದರೆ ಕಡಿಮೆ ದಿನಗಳಲ್ಲಿ ಅಡ್ಡ ಎಳೆತ ಜಾಸ್ತಿಯಾದರೆ ಹೊರಚರ್ಮದ ಪದರಗಳು ಒಳಗೇ ಬಿಟ್ಟುಕೊಂಡು ನೀರು ತುಂಬುತ್ತದೆ, ಅದು ಬೊಕ್ಕೆ. ಚೂಪು ತುದಿ ಮೇಲ್ಪದರವನ್ನೇ ಕೆರೆದರೆ ತರಚು ಗಾಯ. ಮೂರೂ ಬೇರೆ ಬೇರೆ. ಬೊಕ್ಕೆಯನ್ನೂ ಗಾಯವನ್ನೂ "ಜಡ್ಡುಗಟ್ಟುತ್ತಿದೆ" ಅನ್ನುವುದು ತಪ್ಪು.

ನೋವು ಗುರಿಯನ್ನೂ ಕೆಡಿಸುತ್ತದೆ. 10 ಮೀಟರ್ ಏರ್ ಪಿಸ್ತೂಲು ಗುರಿಯಲ್ಲಿ ಹತ್ತರ ವೃತ್ತದ ವ್ಯಾಸ 11.5 ಮಿ.ಮೀ. ಪಿಸ್ತೂಲಿನ ಮುಂದಿನ ಮತ್ತು ಹಿಂದಿನ ಗುರಿಗುರುತುಗಳ ನಡುವೆ 30 ಸೆಂ.ಮೀ. ಅಂತರವಿದ್ದರೆ, ಅವು ಒಂದಕ್ಕೊಂದು ಕೇವಲ 0.17 ಮಿ.ಮೀ. ಸರಿದರೂ ಗುಂಡಿನ ನಡು ಹತ್ತರ ಗೆರೆಗೆ ಬರುತ್ತದೆ. ಸಮರೂಪ ತ್ರಿಭುಜದಿಂದ ಮಕ್ಕಳೇ ಲೆಕ್ಕ ಹಾಕಲಿ. ಉರಿಯುವ ಜಾಗ ತಪ್ಪಿಸಲು ಬೆರಳು ಕೂದಲೆಳೆ ಸರಿಸಿದರೂ ಸಾಕು, ಅಂಕ ಹೋಯಿತು. ಆಮೇಲೆ ಆ ತಪ್ಪು ಹಿಡಿತವೇ ರೂಢಿಯಾಗಿ ಕೂರುತ್ತದೆ.

ಏನು ಮಾಡಬಹುದು?

ಮೊದಲು ಜಾಗ ಗುರುತಿಸಿ. ಇಪ್ಪತ್ತು ಸಲ ಎತ್ತಿದ ಮೇಲೆ ಅಂಗೈ ನೋಡಿ. ಒಂದೇ ಕಡೆ, ಹೆಬ್ಬೆರಳು ತೋರುಬೆರಳಿನ ಸಂದಿಯಲ್ಲೋ ನಡುಬೆರಳಿನ ಗೆಣ್ಣಿನಲ್ಲೋ ಕೆಂಪಾಗಿದ್ದರೆ, ಹಿಡಿಕೆಯ ಅಳತೆಯೇ ಕೈಗೆ ಹೊಂದುತ್ತಿಲ್ಲ ಎಂಬ ಅನುಮಾನ ಬರಬೇಕು. ದೊಡ್ಡವರ ಹಿಡಿಕೆ ಸಣ್ಣ ಕೈಗೆ ಕೊಟ್ಟಾಗ ಹೀಗಾಗುತ್ತದೆ. ಆಗ ಉಜ್ಜುವುದಕ್ಕಿಂತ ಅಳತೆ ಬದಲಿಸುವುದು ಮೇಲು.

ಎಲ್ಲ ಕಡೆ ಉರಿಯುತ್ತಿದ್ದರೆ ಒರಟುತನವೇ ಕಾರಣ. ಆಗ ತಗ್ಗುಗಳನ್ನು ಉಳಿಸಿಕೊಂಡು ಉಬ್ಬುಗಳ ತುದಿ ಮಾತ್ರ ಮೊಂಡು ಮಾಡಬೇಕು. 320 ಅಥವಾ 400 ನಂಬರಿನ ಪಾಲಿಶ್ ಪೇಪರಿನಿಂದ ನಾಲ್ಕೈದು ಸಲ ಹಗುರಾಗಿ ಉಜ್ಜಿ, ಹಿಡಿದು ನೋಡಿ, ಬೇಕಾದರೆ ಮತ್ತೆ ಉಜ್ಜುವುದು. ಹೋದ ಮರ ವಾಪಸ್ ಬರುವುದಿಲ್ಲ, ಅದಕ್ಕೆ ಅವಸರ ಬೇಡ. ಈ ಕೆಲಸ ಕೋಚ್ ಕೈಯಲ್ಲೇ ಆಗಲಿ, ಪಿಸ್ತೂಲು ಖಾಲಿ ಇರುವುದನ್ನು ಖಚಿತ ಮಾಡಿಕೊಂಡು ಹಿಡಿಕೆ ಬಿಚ್ಚಿದ ಮೇಲೆಯೇ ಆಗಲಿ. ಕ್ಲಬ್ಬಿನ ಪಿಸ್ತೂಲಾದರೆ ಅನುಮತಿ ಬೇಕು. ಅಲ್ಲಿಯವರೆಗೆ ಅಭ್ಯಾಸದಲ್ಲಿ ತೊಂದರೆಯ ಜಾಗಕ್ಕೆ ತೆಳು ಬಟ್ಟೆಯ ಟೇಪು ಅಂಟಿಸಬಹುದು. ಪಂದ್ಯಕ್ಕೆ ಹೋಗುವ ಮೊದಲು ಅದು ನಿಯಮಕ್ಕೆ ಒಪ್ಪುತ್ತದೆಯೇ ಎಂದು ಕೇಳಬೇಕು.

ಪಕ್ಕದಲ್ಲಿ ಹತ್ತಿಯ ಟವೆಲ್ ಇರಲಿ. ಎತ್ತುಗಳ ಸಂಖ್ಯೆ ವಾರದಿಂದ ವಾರಕ್ಕೆ ನಿಧಾನವಾಗಿ ಏರಲಿ. ಬೊಕ್ಕೆ ಬಂದರೆ ಒಡೆಯದೆ, ತೊಳೆದು, ಮುಚ್ಚಿ, ವಾಸಿಯಾಗುವವರೆಗೆ ಆ ಕೈಗೆ ರಜೆ ಕೊಡಿ. ಜಡ್ಡನ್ನು ಬ್ಲೇಡಿನಿಂದ ಕೆರೆಯುವುದು ಬೇಡ. ಇನ್ನೊಂದು ಮಾತು ಮರೆಯಬಾರದು: ಗುಂಡು ಸೀಸದ್ದು, ಸೀಸ ವಿಷ. ಅಭ್ಯಾಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯದೆ ಡಬ್ಬಿ ಬಿಚ್ಚಬಾರದು. ಗಾಯವಿದ್ದ ಕೈಯಲ್ಲಿ ಗುಂಡು ತುಂಬುವುದಂತೂ ಬೇಡವೇ ಬೇಡ.

ತರಗತಿಯಲ್ಲಿ ಮಾಡಿ ನೋಡಿ

ಇದಕ್ಕೆ ಪಿಸ್ತೂಲು ಬೇಕಿಲ್ಲ. ಬಟ್ಟೆ ಸಾಬೂನಿನ ಎರಡು ಸಮ ತುಂಡು, 80 ಮತ್ತು 400 ನಂಬರಿನ ಪಾಲಿಶ್ ಪೇಪರ್, ಸ್ಪ್ರಿಂಗ್ ತ್ರಾಸು, ಸಣ್ಣ ಡಿಜಿಟಲ್ ತಕ್ಕಡಿ ಸಾಕು. ನಂಬರ್ ಹೆಚ್ಚಾದಷ್ಟು ಪೇಪರ್ ನಯ. ತುಂಡಿನ ಮೇಲೆ ಸಮ ಭಾರ ಇಟ್ಟು ಎರಡೂ ಪೇಪರಿನ ಮೇಲೆ ಎಳೆದು, ಬೇಕಾದ ಬಲ ಬರೆದುಕೊಳ್ಳಿ. ಹೀಗೆ ಐವತ್ತು ಸಲ ಎಳೆದು, ಸಾಬೂನು ಎಷ್ಟು ಗ್ರಾಂ ಸವೆಯಿತು ತೂಗಿ. ಬಲ ಒಂದು ಕಾಲಮಿನಲ್ಲಿ, ಸವೆತ ಇನ್ನೊಂದರಲ್ಲಿ ಬರೆಯಿರಿ. ಹಿಡಿತವೂ ಸವೆತವೂ ಒಂದೇ ಪ್ರಮಾಣದಲ್ಲಿ ಏರುತ್ತವೆಯೇ ಅನ್ನುವುದನ್ನು ಮಕ್ಕಳೇ ಓದಿ ಹೇಳಲಿ.

ನಿಮ್ಮ ಶಾಲೆಯಲ್ಲಿ ಶೂಟಿಂಗ್‌ಗೆ ಹೋಗುವ ಮಗು ಇದ್ದರೆ ಅಂಕ ಕೇಳುವ ಮೊದಲು ಒಂದು ಸಲ "ಕೈ ತೋರ್ಸು" ಅನ್ನಿ. ಅಲ್ಲಿ ಜಡ್ಡು ಇದೆಯೋ ಗಾಯ ಇದೆಯೋ ಎಂದು ಗುರುತಿಸಿ ಮನೆಯವರಿಗೂ ಕೋಚ್‌ಗೂ ತಿಳಿಸುವುದು ವಿಜ್ಞಾನ ಶಿಕ್ಷಕರಿಗೆ ಕಷ್ಟದ ಕೆಲಸವಲ್ಲ.