20 ಆಡು, ಒಬ್ಬ ಆಳು: ಲೆಕ್ಕ ಎಲ್ಲಿ ತಪ್ಪುತ್ತೆ?

ಪುಣೆ, ಹೈದರಾಬಾದ್ ಕಡೆ ಐಟಿಯಲ್ಲಿರೋ ನಮ್ಮವರು ಸಿಕ್ಕಾಗೆಲ್ಲ ಒಂದು ಮಾತು ಬಂದೇ ಬರುತ್ತೆ: "ಊರಲ್ಲಿ ಎರಡೆಕರೆ ಖಾಲಿ ಬಿದ್ದಿದೆ ಸರ್, ಆಡು ಸಾಕಿದ್ರೆ ಹೇಗೆ?" ಕೇಳಿದವರೇ ಮೊಬೈಲಲ್ಲಿ ಎಕ್ಸೆಲ್ ಶೀಟ್ ತೆಗೀತಾರೆ. 20 ಆಡು, ವರ್ಷಕ್ಕೆ ಎರಡು ಸಲ, ಸಲಕ್ಕೆ ಎರಡು ಮರಿ, ಒಟ್ಟು 80.

ಆ 80 ಅನ್ನ ಮೊದಲು ಅಳಿಸಿ. ಆಡಿನ ಗಬ್ಬ ಸುಮಾರು 150 ದಿನ. ಈದ ಮೇಲೆ ಮೂರು ತಿಂಗಳು ಮರಿಗೆ ಹಾಲು ಕುಡಿಸಿ ಮತ್ತೆ ಹೋತಕ್ಕೆ ಬಿಟ್ರೆ ಒಂದು ಸುತ್ತಿಗೆ ಎಂಟು ತಿಂಗಳು. ಅಂದ್ರೆ ಎರಡು ವರ್ಷಕ್ಕೆ ಮೂರು ಸಲ, ಅದೂ ಮೇವು ಚೆನ್ನಾಗಿದ್ರೆ. ಉಸ್ಮಾನಾಬಾದಿ ತಳಿಯಲ್ಲಿ ಅವಳಿ ಸಾಮಾನ್ಯ, ಆದ್ರೂ ಸರಾಸರಿ ಒಂದೂವರೆ ಅಂತಲೇ ಹಿಡೀರಿ. 45 ಮರಿ ಆಯ್ತು. ಗಬ್ಬ ನಿಲ್ಲದ್ದು, ಸತ್ತದ್ದು ಅಂತ 10 ಕಳೀರಿ. ಮುದಿ ಆಡುಗಳ ಜಾಗಕ್ಕೆ 5 ಹೆಣ್ಣು ಮರಿ ಇಟ್ಕೊಳ್ಳಿ. ಮಾರೋಕೆ ಉಳಿದದ್ದು 30. ಒಂದಕ್ಕೆ 8,000 ರೂಪಾಯಿ ಹಿಡಿದ್ರೆ 2,40,000.

ಈಗ ಖರ್ಚು. ದೊಡ್ಡ ಆಡಿಗೆ ದಿನಕ್ಕೆ 250 ಗ್ರಾಂ ಹಿಂಡಿ, ಕಿಲೋಗೆ 30 ರೂಪಾಯಿ ಅಂದ್ರೂ ವರ್ಷಕ್ಕೆ 54,750. ಮರಿಗಳ ಹಿಂಡಿ ಇನ್ನೊಂದು 28,000. ಆಳಿಗೆ ತಿಂಗಳಿಗೆ 12,000, ವರ್ಷಕ್ಕೆ 1,44,000. ಉಳಿಯೋದು ಹದಿಮೂರು ಸಾವಿರ ಚಿಲ್ಲರೆ! ಔಷಧಿ, ಕರೆಂಟು, ಶೆಡ್ಡಿನ ಬಡ್ಡಿ ಇನ್ನೂ ಸೇರಿಸಿಲ್ಲ. ಮುದಿ ಆಡು, ಗೊಬ್ಬರ ಮಾರಿದ್ದು ಅದಕ್ಕೇ ಸರಿಹೋಗುತ್ತೆ. ಮನೆಯವರೇ ನೋಡ್ಕೊಂಡ್ರೆ ಆ 1,44,000 ಮನೆಯಲ್ಲೇ ಉಳಿಯುತ್ತೆ. ಆಳು ಇಡೋದಾದ್ರೆ 20 ಆಡು ಸಾಲಲ್ಲ, 50-60 ಬೇಕು.

ಆದ್ರೆ 60 ಆಡಿಗೆ ದಿನಕ್ಕೆ ಎರಡು ಕ್ವಿಂಟಲ್ ಹಸಿ ಮೇವು ಎಲ್ಲಿಂದ? ಹಾಗಾಗಿ ಮೊದಲು ಮೇವು, ಆಮೇಲೆ ಆಡು. ನೇಪಿಯರ್ ಹುಲ್ಲು ಮೊದಲ ಕೊಯ್ಲಿಗೆ ಬರೋಕೇ ಎರಡೂವರೆ ತಿಂಗಳು. ಬರೀ ಹುಲ್ಲಾದ್ರೆ ಸಾಲಲ್ಲ, ಬದುವಿನ ಮೇಲೆ ಅಗಸೆ, ನುಗ್ಗೆ, ಸುಬಾಬುಲ್ ಹಚ್ಚಿ. ಸುಬಾಬುಲ್ ಮಾತ್ರ ಹಸಿ ಮೇವಿನ ಮೂರನೇ ಒಂದು ಪಾಲು ದಾಟಬಾರದು, ಅದರಲ್ಲಿ ಮಿಮೋಸಿನ್ ಅನ್ನೋ ವಿಷದ ಅಂಶ ಇದೆ. ತೊಗರಿ, ಕಡಲೆ ಹೊಟ್ಟು ರಾಶಿ ಸಮಯದಲ್ಲೇ ತಗೊಂಡು ಒಣ ಜಾಗದಲ್ಲಿ ಇಟ್ಕೊಳ್ಳಿ. ಬೇಸಿಗೆಯಲ್ಲಿ ರೇಟು ಕೇಳಂಗಿರಲ್ಲ.

ಕುರಿನೇ ಬೇಕು ಅನ್ನೋ ಪುಣೆಯವರಿಗೆ ಫಲ್ಟಣ್ ದೂರ ಅಲ್ಲ. ಅಲ್ಲಿನ ನಿಂಬಕರ್ ಸಂಶೋಧನಾ ಸಂಸ್ಥೆ ಬಂಗಾಳದ ಗರೋಲ್ ಕುರಿಯ ಅವಳಿ ಈಯುವ ಗುಣವನ್ನ ಡೆಕ್ಕನಿ ಕುರಿಗೆ ತಂದು ನಾರಿ ಸುವರ್ಣ ತಳಿ ಮಾಡಿದೆ. ಒಳ್ಳೇ ತಳಿ. ಆದ್ರೆ ತಾಯಿಗೆ ಹಾಲು ಸಾಲದಾಗ ರಾತ್ರಿ ಎದ್ದು ಬಾಟಲಿ ಹಿಡಿಯೋರು ಯಾರು?

ರೋಗದ ವಿಷಯಕ್ಕೆ ಬಂದ್ರೆ, ಪೆಟ್ಟು ತಿಂದವನೇ ನಾನು. ಸಂತೆಯಿಂದ ತಂದ ಆರು ಆಡುಗಳನ್ನ ಅಪ್ಪ ಬೇರೆ ಕಟ್ತೀನಿ ಅಂದ್ರು, ನಾನೇ ಫೋನಲ್ಲಿ "ಇರಲಿ ಬಿಡಪ್ಪಾ, ಏನಾಗಲ್ಲ" ಅಂದೆ. ವಾರದೊಳಗೆ ಮೂಗು ಸೋರಿಕೆ, ಬಾಯಿ ಹುಣ್ಣು, ಭೇದಿ. ಪಿಪಿಆರ್, ಊರ ಮಾತಲ್ಲಿ ಹಿರೇಬೇನೆ. 11 ಮರಿ ಹೋದವು. ಅವನ್ನ ಬದುವಿನ ಪಕ್ಕ ಹೂತಿದ್ದನ್ನ ಅಪ್ಪ ನನಗೆ ಹೇಳಿದ್ದು ತಿಂಗಳಾದ ಮೇಲೆ.

ಹೊಸದಾಗಿ ಬಂದದ್ದನ್ನ ಕನಿಷ್ಠ ಮೂರು ವಾರ ಬೇರೆ ಕಟ್ಟಿ. ಪಿಪಿಆರ್ ಲಸಿಕೆ ಮರಿಗೆ ಮೂರ್ನಾಲ್ಕು ತಿಂಗಳು ತುಂಬಿದಾಗ, ಕರುಳು ಬೇನೆಯದ್ದು ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ. ಜಂತಿನ ಔಷಧಿ ಒಂದೇ ಬಗೆಯದ್ದು ಪದೇಪದೇ ಕುಡಿಸಿದ್ರೆ ಹುಳ ಬಗ್ಗಲ್ಲ. ಹಿಕ್ಕೆ ಪರೀಕ್ಷೆ ಮಾಡಿಸಿ ಕೊಡಿ. ವಿಡಿಯೋ ಕಾಲಲ್ಲಿ ಹಿಂಡನ್ನ ತೋರಿಸಿ ಅನ್ನೋ ಬದಲು ಕಣ್ಣಿನ ಕೆಳರೆಪ್ಪೆ ಬಿಡಿಸಿ ತೋರಿಸಿ ಅನ್ನಿ. ಬಿಳಚಿದ್ರೆ ಹುಳ ರಕ್ತ ಹೀರ್ತಿರಬಹುದು.

ಸಬ್ಸಿಡಿ? ರಾಷ್ಟ್ರೀಯ ಜಾನುವಾರು ಮಿಷನ್ನಲ್ಲಿ 100 ಹೆಣ್ಣು, 5 ಗಂಡಿನ ಘಟಕಕ್ಕೆ ಶೇಕಡ 50, ಗರಿಷ್ಠ 10 ಲಕ್ಷ ಇದೆ. ದುಡ್ಡು ಎರಡು ಕಂತಲ್ಲಿ, ಕೆಲಸ ನಡೆದ ಮೇಲೆ ಬರೋದು. ಮೊದಲ ಸಲವೇ 105ಕ್ಕೆ ಕೈ ಹಾಕಬೇಡಿ ಅಂತ ನಾನಂತೂ ಹೇಳ್ತೀನಿ. ಶೆಡ್ಡಿನ ಅಳತೆ ಮುಂದಿನ ವಿಡಿಯೋದಲ್ಲಿ ನೋಡೋಣ.