ರೂಢಿ ಮುರಿದಾಗ ಹುದ್ದೆ ತೊರೆದ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ

ಕಲಬುರಗಿ: ಸುಪ್ರೀಂ ಕೋರ್ಟ್‌ನ ಅತ್ಯಂತ ಹಿರಿಯ ನ್ಯಾಯಮೂರ್ತಿಯೇ ಮುಖ್ಯ ನ್ಯಾಯಮೂರ್ತಿಯಾಗಬೇಕೆಂದು ಸಂವಿಧಾನ ಹೇಳಿಲ್ಲ. ಅದು ರೂಢಿಯಿಂದ ಬಂದ ಕ್ರಮ. ಆ ರೂಢಿ ಮುರಿದಾಗ ಏನಾಗುತ್ತದೆ ಎಂಬುದಕ್ಕೆ ನ್ಯಾಯಮೂರ್ತಿ ಕೌಡೂರು ಸದಾನಂದ ಹೆಗ್ಡೆ ಅವರ ವೃತ್ತಿಜೀವನವೇ ಸಾಕ್ಷಿ.

ಕಾರ್ಕಳ ತಾಲ್ಲೂಕಿನ ಕೌಡೂರಿನಲ್ಲಿ 1909ರಲ್ಲಿ ಜನಿಸಿದ ಹೆಗ್ಡೆ, ವಕೀಲಿ ವೃತ್ತಿಯಿಂದ 1952ರಲ್ಲಿ ಕಾಂಗ್ರೆಸ್ ಸದಸ್ಯರಾಗಿ ರಾಜ್ಯಸಭೆ ಪ್ರವೇಶಿಸಿದರು. 1957ರಲ್ಲಿ ಆ ಸ್ಥಾನ ಬಿಟ್ಟು ಮೈಸೂರು ಹೈಕೋರ್ಟ್ ನ್ಯಾಯಮೂರ್ತಿಯಾದರು. ಹೈದರಾಬಾದ್ ರಾಜ್ಯದಲ್ಲಿದ್ದ ಕಲಬುರಗಿ ಜಿಲ್ಲೆ ಈ ಹೈಕೋರ್ಟ್ ವ್ಯಾಪ್ತಿಗೆ ಸೇರಿದ್ದು 1956ರ ನವೆಂಬರ್ 1ರಂದು. ಮಹಾಗಾಂವದಂತಹ ಊರುಗಳ ಕಕ್ಷಿದಾರರು ಅಲ್ಲಿಂದ ಮುಂದೆ ಹೈಕೋರ್ಟ್ ಮೇಲ್ಮನವಿಗಾಗಿ ಬೆಂಗಳೂರಿಗೆ ಹೋಗಬೇಕಾಯಿತು. ಕಲಬುರಗಿಗೆ ಸಂಚಾರಿ ಪೀಠ ಬಂದದ್ದು 2008ರಲ್ಲಿ.

1966ರಲ್ಲಿ ದೆಹಲಿ ಹೈಕೋರ್ಟ್ ಸ್ಥಾಪನೆಯಾದಾಗ ಹೆಗ್ಡೆ ಅದರ ಮೊದಲ ಮುಖ್ಯ ನ್ಯಾಯಮೂರ್ತಿಯಾದರು. ಮರುವರ್ಷವೇ ಸುಪ್ರೀಂ ಕೋರ್ಟ್‌ಗೆ ನೇಮಕಗೊಂಡರು.

ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ, ಕೇರಳದ ಭೂಸುಧಾರಣಾ ಕಾಯ್ದೆಯನ್ನು ಪ್ರಶ್ನಿಸಿ ಹೂಡಿದ ಮೊಕದ್ದಮೆಯನ್ನು 13 ನ್ಯಾಯಮೂರ್ತಿಗಳ ಪೀಠ 68 ದಿನ ಆಲಿಸಿತು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಬದಲಿಸಲಾಗದು ಎಂದು 1973ರ ಏಪ್ರಿಲ್ 24ರಂದು 7-6ರ ಬಹುಮತದ ತೀರ್ಪು ಹೊರಬಿತ್ತು. ಹೆಗ್ಡೆ ಬಹುಮತದ ಪಾಳಿಯಲ್ಲಿದ್ದರು. ಒಂದು ಕಾಲದಲ್ಲಿ ತಮ್ಮನ್ನು ರಾಜ್ಯಸಭೆಗೆ ಕಳಿಸಿದ್ದ ಪಕ್ಷದ ಸರ್ಕಾರದ ವಾದವನ್ನೇ ಅವರು ಒಪ್ಪಿರಲಿಲ್ಲ.

ಮರುದಿನವೇ ಸರ್ಕಾರ, ಜೆ.ಎಂ. ಶೇಲತ್, ಹೆಗ್ಡೆ ಹಾಗೂ ಎ.ಎನ್. ಗ್ರೋವರ್ ಅವರ ಹಿರಿತನವನ್ನು ಬದಿಗೊತ್ತಿ, ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ಪ್ರಕಟಿಸಿತು. ಮೂವರೂ ರಾಜೀನಾಮೆ ನೀಡಿದರು. ನ್ಯಾಯಾಧೀಶರ ಜೀವನದೃಷ್ಟಿಯನ್ನು ಪರಿಗಣಿಸಲು ಸರ್ಕಾರಕ್ಕೆ ಹಕ್ಕಿದೆಯೆಂದು ಸಚಿವ ಮೋಹನ್ ಕುಮಾರಮಂಗಲಂ ಸಮರ್ಥಿಸಿಕೊಂಡರು. ಆದರೆ ಸರ್ಕಾರದ ವಿರುದ್ಧ ತೀರ್ಪಿತ್ತವರಿಗೆ ಬಡ್ತಿ ತಪ್ಪುವುದಾದರೆ, ಅದೇ ಸರ್ಕಾರದ ವಿರುದ್ಧ ನ್ಯಾಯ ಕೇಳಿ ಬರುವ ಪ್ರಜೆಯ ಪಾಡೇನು? ವಿವಾದದ ತಿರುಳು ಇದೇ.

1977ರಲ್ಲಿ ಹೆಗ್ಡೆ ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಆರಿಸಿಬಂದು, ಅದೇ ವರ್ಷ ಸ್ಪೀಕರ್ ಆದರು. 1990ರಲ್ಲಿ ನಿಧನರಾದರು.

ಎಚ್.ಆರ್. ಖನ್ನಾ ಅವರ ಹಿರಿತನವನ್ನೂ 1977ರಲ್ಲಿ ಕಡೆಗಣಿಸಲಾಯಿತು. ಅರ್ಹರಾದ ಅತಿ ಹಿರಿಯ ನ್ಯಾಯಮೂರ್ತಿಯನ್ನೇ ಮುಖ್ಯ ನ್ಯಾಯಮೂರ್ತಿಯನ್ನಾಗಿ ನೇಮಿಸಬೇಕೆಂದು ಸುಪ್ರೀಂ ಕೋರ್ಟ್ 1993ರಲ್ಲಿ ಹೇಳಿತು. ಮೊದಲು ಬರೀ ರೂಢಿಯಾಗಿದ್ದುದಕ್ಕೆ ತೀರ್ಪಿನ ಬಲ ದೊರೆಯಲು 20 ವರ್ಷ ಬೇಕಾಯಿತು.