ಕಲ್ಪಿತಯಂತ್ರಗಳ ಸಜೀವ ಸ್ಥಳಾಂತರದಲ್ಲಿ ಜಾಲಸಾಧನದ ಪ್ರಭಾರಾಂತರ

ಓಡುತ್ತಿರುವ ಗಣಕಯಂತ್ರವೊಂದನ್ನು ನಿಲ್ಲಿಸದೆ, ಅದರೊಡನೆ ವ್ಯವಹರಿಸುತ್ತಿರುವವರಿಗೆ ತಿಳಿಯಗೊಡದೆ, ಒಂದು ಲೋಹಶರೀರದಿಂದ ಮತ್ತೊಂದಕ್ಕೆ ಸಾಗಿಸುವ ವಿದ್ಯೆಗೆ ಇಂಗ್ಲಿಷಿನಲ್ಲಿ ಲೈವ್ ಮೈಗ್ರೇಶನ್ ಎಂದು ಹೆಸರು. ಇದನ್ನು ಇಲ್ಲಿ ಸಜೀವ ಸ್ಥಳಾಂತರವೆಂದು ಕರೆಯುವೆವು. ಆ ಕಾಲದಲ್ಲಿ ಯಂತ್ರದ ಜಾಲಸಂಪರ್ಕವನ್ನು ಒಂದು ಸಾಧನದಿಂದ ಇನ್ನೊಂದಕ್ಕೆ ವಹಿಸಿಕೊಡುವ ಕ್ರಿಯೆಯನ್ನು ಫೇಲ್‌ಓವರ್ ಎನ್ನುತ್ತಾರೆ. ಪದವನ್ನು ಬಿಡಿಸಿ ನೋಡಿದವರಿಗೆ ಸೋಲು, ಕೇಡು ಎಂಬ ಅರ್ಥವೇ ಮೊದಲು ತೋರುವುದು ಸಹಜವಾಗಿದೆ. ಆದರೆ ಈ ಸಂದರ್ಭದಲ್ಲಿ ಯಾವ ಸಾಧನವೂ ಕೆಟ್ಟಿರುವುದಿಲ್ಲ; ಚೆನ್ನಾಗಿ ಕೆಲಸಮಾಡುತ್ತಿರುವ ಸಾಧನವನ್ನೇ ಬುದ್ಧಿಪೂರ್ವಕವಾಗಿ ಬಿಡಿಸಬೇಕಾಗುತ್ತದೆ. ವರ್ಗವಾದ ತಹಶೀಲ್ದಾರರು ಕಚೇರಿಯ ಪ್ರಭಾರವನ್ನು ಶಿರಸ್ತೇದಾರರಿಗೆ ವಹಿಸಿಕೊಟ್ಟು ಹೊರಡುವುದಕ್ಕೂ ಅವರು ಕಾಯಿಲೆ ಬಿದ್ದುದಕ್ಕೂ ಇರುವಷ್ಟೇ ವ್ಯತ್ಯಾಸ ಇಲ್ಲಿಯೂ ಉಂಟು. ಆದುದರಿಂದ ಪ್ರಭಾರಾಂತರವೆಂಬ ಪದವನ್ನು ಬಳಸಿದ್ದೇವೆ. ಇದು ಕೇವಲ ಪದದ ಮಾತಲ್ಲ; ಈ ಕ್ರಿಯೆಯ ತಿರುಳು ಇರುವುದೇ ‘ಬಿಟ್ಟುಕೊಡುವುದ’ರಲ್ಲಿ ಎಂಬುದು ಮುಂದೆ ವ್ಯಕ್ತವಾಗುವುದು.

ಕಲ್ಪಿತಯಂತ್ರವೆಂಬ ಮಾತಿಗೂ ಒಂದು ಸಮಾಧಾನ ಹೇಳಬೇಕಾಗಿದೆ. ಒಂದು ದೊಡ್ಡ ಗಣಕಯಂತ್ರದ ಶಕ್ತಿಯನ್ನು ಹಂಚಿ, ಅದರೊಳಗೆ ಹಲವು ಯಂತ್ರಗಳು ಪ್ರತ್ಯೇಕವಾಗಿ ಇರುವಂತೆಯೇ ನಡೆದುಕೊಳ್ಳುವ ಹಾಗೆ ಮಾಡುವುದು ಹೈಪರ್‌ವೈಸರ್ ಎಂಬ ಮೇಲ್ವಿಚಾರಕನ ಕೆಲಸ. ಹೀಗೆ ಉಂಟಾದುದನ್ನು ವರ್ಚುಯಲ್ ಮಷೀನ್ ಎನ್ನುತ್ತಾರೆ. ಇದು ಊಹೆಯ ಯಂತ್ರವಲ್ಲ, ಸುಳ್ಳಿನ ಯಂತ್ರವೂ ಅಲ್ಲ. ವರ್ಚುಯಲ್ ಎಂಬುದರ ಮೂಲದಲ್ಲಿರುವ ಲ್ಯಾಟಿನ್ ಶಬ್ದಕ್ಕೆ ಬಲ, ಸಾಮರ್ಥ್ಯ ಎಂಬ ಅರ್ಥವುಂಟು; ಕಲ್ಪಿತ ಶಬ್ದದ ಧಾತುವಿಗೂ ನಮ್ಮ ವೈಯಾಕರಣರು ಸಾಮರ್ಥ್ಯವೆಂಬ ಅರ್ಥವನ್ನೇ ಹೇಳಿರುವರು. ಈ ಆಕಸ್ಮಿಕ ಸಾಮ್ಯವು ನಮಗೆ ಅನುಕೂಲವಾಗಿಯೇ ಒದಗಿದೆ. ಕಲ್ಪಿತಯಂತ್ರವನ್ನು ಅತಿಥಿಯೆಂದೂ ಅದಕ್ಕೆ ನೆಲೆಕೊಟ್ಟ ಲೋಹಯಂತ್ರವನ್ನು ಆತಿಥೇಯನೆಂದೂ ಕರೆಯುವುದು ಈ ಶಾಸ್ತ್ರದ ವಾಡಿಕೆ.

ಅತಿಥಿಯನ್ನು ಮನೆ ಬದಲಾಯಿಸಬೇಕಾದ ಪ್ರಸಂಗಗಳು ಬೇಕಾದಷ್ಟಿವೆ. ಆತಿಥೇಯನ ಸ್ಮೃತಿಫಲಕ ಕೆಡಲು ತೊಡಗಿರಬಹುದು. ಅದರ ತಂತ್ರಾಂಶದ ಲೋಪವೊಂದನ್ನು ಆ ದಿನವೇ ತಿದ್ದಬೇಕಾಗಿರಬಹುದು. ಒಂದೆಡೆ ಭಾರ ಹೆಚ್ಚಿ ಇನ್ನೊಂದೆಡೆ ಯಂತ್ರಗಳು ಬರಿದಾಗಿರಬಹುದು. ಆ ಅತಿಥಿಯು ಬ್ಯಾಂಕಿನ ಲೆಕ್ಕವನ್ನೋ ಆಸ್ಪತ್ರೆಯ ದಾಖಲೆಗಳನ್ನೋ ನಡೆಸುತ್ತಿದ್ದಲ್ಲಿ ಅದನ್ನು ನಿಲ್ಲಿಸುವುದು ಸುಲಭವಲ್ಲ.

ಸ್ಥಳಾಂತರದ ಕ್ರಮವನ್ನು ಸ್ಪಷ್ಟವಾಗಿ ನಿರೂಪಿಸಿದ ಪ್ರಬಂಧವೊಂದು 2005ರಲ್ಲಿ ಪ್ರಕಟವಾಯಿತು. ಕೇಂಬ್ರಿಜ್ ಮತ್ತು ಕೋಪನ್‌ಹೇಗನ್ ವಿಶ್ವವಿದ್ಯಾನಿಲಯಗಳ ಕ್ರಿಸ್ಟೋಫರ್ ಕ್ಲಾರ್ಕ್ ಮೊದಲಾದವರು ಕ್ಸೆನ್ ಎಂಬ ಹೈಪರ್‌ವೈಸರಿನಲ್ಲಿ ಇದನ್ನು ಸಾಧಿಸಿದ ಬಗೆಯನ್ನು ಅದರಲ್ಲಿ ವಿವರಿಸಿದರು. ಅತಿಥಿಯ ಸ್ಮೃತಿಯನ್ನು ಪುಟಗಳಾಗಿ ವಿಭಾಗಿಸಲಾಗಿದೆ. ಸಾಮಾನ್ಯವಾಗಿ ಒಂದು ಪುಟಕ್ಕೆ 4096 ಬೈಟುಗಳು. ಅತಿಥಿಯು ಕೆಲಸಮಾಡುತ್ತಿರುವಾಗಲೇ ಮೊದಲ ಸುತ್ತಿನಲ್ಲಿ ಎಲ್ಲ ಪುಟಗಳನ್ನೂ ಹೊಸ ಆತಿಥೇಯನಿಗೆ ಕಳುಹಿಸುವರು. ಅಷ್ಟರಲ್ಲಿ ಅತಿಥಿಯು ಕೆಲವು ಪುಟಗಳನ್ನು ತಿದ್ದಿ ಬರೆದಿರುತ್ತದೆ. ಯಾವ ಯಾವ ಪುಟಗಳು ತಿದ್ದಲ್ಪಟ್ಟುವೆಂಬುದನ್ನು ಹೈಪರ್‌ವೈಸರು ಪಟ್ಟಿಮಾಡಿಕೊಂಡು, ಎರಡನೆಯ ಸುತ್ತಿನಲ್ಲಿ ಅವನ್ನು ಮಾತ್ರ ಕಳುಹಿಸುತ್ತದೆ; ಮೂರನೆಯದರಲ್ಲಿ ಆಮೇಲೆ ತಿದ್ದಿದವನ್ನು. 8 ಗಿಗಾಬೈಟ್ ಸ್ಮೃತಿಯನ್ನು ಸೆಕೆಂಡಿಗೆ 10 ಗಿಗಾಬಿಟ್ ವೇಗದ ಮಾರ್ಗದಲ್ಲಿ ಕಳುಹಿಸಲು ಸುಮಾರು 7 ಸೆಕೆಂಡು ಬೇಕು. ಅತಿಥಿಯು ಸೆಕೆಂಡಿಗೆ 1 ಗಿಗಾಬಿಟ್ಟಿನಷ್ಟು ಪುಟಗಳನ್ನು ತಿದ್ದುತ್ತಿದ್ದರೆ ಎರಡನೆಯ ಸುತ್ತಿಗೆ 0.7 ಸೆಕೆಂಡು, ಮೂರನೆಯದಕ್ಕೆ 0.07 ಸೆಕೆಂಡು ಸಾಕು. ಗುಣೋತ್ತರ ಶ್ರೇಢಿಯಂತೆ ಉಳಿಕೆಯು ಕುಗ್ಗುತ್ತ ಹೋಗುವುದು. ಉಳಿಕೆ ಬಹಳ ಅಲ್ಪವಾದಾಗ ಅತಿಥಿಯನ್ನು ಕ್ಷಣಕಾಲ ತಡೆದು, ಉಳಿದುದನ್ನು ಸಾಗಿಸಿ, ಹೊಸ ನೆಲೆಯಲ್ಲಿ ಎಚ್ಚರಿಸುವರು. ಮೇಲ್ಕಂಡ ಪ್ರಬಂಧದಲ್ಲಿ ಕ್ವೇಕ್ 3 ಎಂಬ ಆಟದ ಸರ್ವರಿಗೆ ಈ ತಡೆ 60 ಮಿಲಿಸೆಕೆಂಡಿನಷ್ಟು ಮಾತ್ರವಾಗಿತ್ತು. ಆಡುತ್ತಿದ್ದವರ ಆಟ ನಿಲ್ಲಲಿಲ್ಲ.

ಇದನ್ನು ಓದುವಾಗ ಶಂಕರಾಚಾರ್ಯರು ಅಮರುಕ ರಾಜನ ದೇಹವನ್ನು ಪ್ರವೇಶಿಸಿದರೆಂಬ ಐತಿಹ್ಯವು ವಾಚಕರಿಗೆ ನೆನಪಾಗಬಹುದು. ಹೋಲಿಕೆಯು ಒಂದು ಮಟ್ಟಿಗೆ ಸರಿಯಾದುದೇ. ಆದರೆ ಅಲ್ಲಿ ಪ್ರವೇಶಿಸಿದವರಿಗೆ ಬೇರೆಯ ದೇಹದ ಬೇರೆಯ ಇಂದ್ರಿಯಗಳು ದೊರೆತುವು, ಮತ್ತು ಅವು ಬೇರೆಯವೆಂಬ ಅರಿವು ಅವರಿಗಿತ್ತು. ಇಲ್ಲಿಯಾದರೋ ಅತಿಥಿಗೆ ತಾನು ಮನೆ ಬದಲಾಯಿಸಿದೆನೆಂಬುದೇ ತಿಳಿಯಬಾರದು. ಕಣ್ಣು ಕಿವಿಗಳು ಹಿಂದಿನವೇ ಎಂದು ಅದು ನಂಬಿರಬೇಕು. ತೊಡಕು ಹುಟ್ಟುವುದು ಈ ಇಂದ್ರಿಯಗಳಲ್ಲಿಯೇ, ಎಂದರೆ ಜಾಲಸಾಧನದಲ್ಲಿ.

ಅತಿಥಿಗೆ ಜಾಲಸಾಧನವನ್ನು ಒದಗಿಸುವ ಬಗೆಗಳು ಮುಖ್ಯವಾಗಿ ಎರಡು. ಮೊದಲನೆಯದರಲ್ಲಿ ಸಾಧನವೂ ಕಲ್ಪಿತವಾದುದೇ. ರಸ್ಟಿ ರಸೆಲ್ ಅವರು 2008ರಲ್ಲಿ ನಿರೂಪಿಸಿದ ವರ್ಟಿಯೋ ಎಂಬ ಪದ್ಧತಿ ಇದಕ್ಕೆ ಉತ್ತಮ ನಿದರ್ಶನ. ಅತಿಥಿಯು ಕಳುಹಿಸುವ ಪ್ರತಿಯೊಂದು ಪ್ಯಾಕೆಟ್ಟೂ ಆತಿಥೇಯನ ಕೈಯ ಮೂಲಕ ಹಾದುಹೋಗುವುದರಿಂದ, ಸಾಧನದ ಸ್ಥಿತಿಯೆಲ್ಲವೂ ಆತಿಥೇಯನಿಗೆ ಗೊತ್ತಿರುತ್ತದೆ. ಅದನ್ನು ಬರೆದುಕೊಂಡು ಹೊಸ ನೆಲೆಯಲ್ಲಿ ಹಾಗೆಯೇ ನಿಲ್ಲಿಸಬಹುದು. ಹಾಗೆ ಹಾದುಹೋಗುವುದಕ್ಕೆ ಕಾಲವ್ಯಯ ಮಾತ್ರ ತಪ್ಪದು. ಎರಡನೆಯ ಬಗೆಯಲ್ಲಿ ಅತಿಥಿಗೆ ನಿಜವಾದ ಕಾರ್ಡಿನ ಒಂದು ಪಾಲನ್ನೇ ಬಿಟ್ಟುಕೊಡುತ್ತಾರೆ. 2007ರಲ್ಲಿ ನಿಯಮಬದ್ಧವಾದ ಎಸ್‌ಆರ್-ಐಒವಿ ಎಂಬ ಏರ್ಪಾಡಿನಂತೆ ಒಂದೇ ಕಾರ್ಡು ಹಲವು ಕಾರ್ಡುಗಳಾಗಿ ತೋರಿಕೊಳ್ಳುತ್ತದೆ; ಒಂದೊಂದು ಪಾಲನ್ನು ಒಂದೊಂದು ಅತಿಥಿಗೆ ಕೊಡಬಹುದು. ಮಧ್ಯವರ್ತಿಯಿಲ್ಲದ ಕಾರಣ ವೇಗವು ಬಹಳ ಹೆಚ್ಚು.

ಆದರೆ ಯಾವ ಗುಣದಿಂದ ಈ ಎರಡನೆಯ ಬಗೆಯು ಮೇಲೆನಿಸಿತೋ ಆ ಗುಣವೇ ಸ್ಥಳಾಂತರಕ್ಕೆ ವಿಘ್ನವಾಯಿತು. ನಿಜವಾದ ಕಾರ್ಡು ತನಗೆ ಬಂದ ಪ್ಯಾಕೆಟ್ಟನ್ನು ಪ್ರೊಸೆಸರಿನ ಅಪ್ಪಣೆಗೆ ಕಾಯದೆ ಅತಿಥಿಯ ಸ್ಮೃತಿಯಲ್ಲಿ ನೇರವಾಗಿ ಬರೆಯುತ್ತದೆ. ಅತಿಥಿಯ ಪ್ರೊಸೆಸರು ಬರೆದ ಪುಟಗಳ ಪಟ್ಟಿ ಹೈಪರ್‌ವೈಸರಿನಲ್ಲಿ ಇರುವುದೇನೋ ನಿಜ. ಕಾರ್ಡು ಬರೆದ ಪುಟಗಳು ಆ ಪಟ್ಟಿಗೆ ಸೇರುವುದಿಲ್ಲ. ಎರಡನೆಯ ಸುತ್ತಿನಲ್ಲಿ ಕಳುಹಿಸಬೇಕಾಗಿದ್ದ ಪುಟವೊಂದು ಹೀಗೆ ಹಿಂದೆಯೇ ಉಳಿದರೆ, ಹೊಸ ನೆಲೆಯಲ್ಲಿ ಎಚ್ಚತ್ತ ಅತಿಥಿಯ ಸ್ಮೃತಿಯಲ್ಲಿ ಹಳೆಯ ಬರಹವೇ ಇರುವುದು. ಇಂಥ ದೋಷವು ಕೂಡಲೆ ಕಾಣಿಸಿಕೊಳ್ಳುವುದಿಲ್ಲ. ಯಾವಾಗಲೋ, ಯಾವ ಲೆಕ್ಕದಲ್ಲಿಯೋ ತಲೆದೋರುವುದು. ಹಸ್ತಪ್ರತಿಗಳ ಲಿಪಿಕಾರನು ಒಂದು ಗರಿಯನ್ನು ಪ್ರತಿಮಾಡಿ ಮುಗಿಸಿದ ಮೇಲೆ ಮೂಲದ ಆ ಗರಿಯಲ್ಲಿ ಮತ್ತೊಬ್ಬನು ಅವನಿಗೆ ಹೇಳದೆ ತಿದ್ದಿದರೆ ಆಗುವ ಅನಾಹುತವನ್ನು ಗ್ರಂಥಸಂಪಾದನೆ ಮಾಡಿದವರು ಬಲ್ಲರು. ಇದಲ್ಲದೆ, ಕಾರ್ಡಿನ ಒಳಗೆ ಅದರದೇ ಆದ ಸ್ಥಿತಿಯುಂಟು: ಸಾಲಿನಲ್ಲಿ ಎಲ್ಲಿಯವರೆಗೆ ಓದಿದೆ, ಯಾವ ವಿಳಾಸದ ಪ್ಯಾಕೆಟ್ಟುಗಳನ್ನು ಒಳಗೆ ಬಿಡಬೇಕು ಎಂಬಿವೇ ಮೊದಲಾದುವು. ಇದನ್ನು ಹೊರಗಿನಿಂದ ಓದಿಕೊಳ್ಳುವ ಉಪಾಯವು ಬಹುಮಟ್ಟಿನ ಕಾರ್ಡುಗಳಲ್ಲಿ ಇರಲಿಲ್ಲ. ಹೊಸ ಆತಿಥೇಯನಲ್ಲಿ ಅದೇ ಜಾತಿಯ ಕಾರ್ಡೇ ಇರುವುದೆಂಬ ಭರವಸೆಯೂ ಇಲ್ಲ.

ಪರಿಹಾರದ ಮೂಲತತ್ತ್ವ ಸರಳವಾದುದು. ಅತಿಥಿಗೆ ಎರಡು ಸಾಧನಗಳನ್ನೂ ಕೊಡುವುದು. ನಿತ್ಯದ ಕೆಲಸವನ್ನು ವೇಗವಾದ ನಿಜಕಾರ್ಡು ನಡೆಸಲಿ. ಪ್ರಯಾಣದ ಕಾಲ ಬಂದಾಗ ಅದು ಪ್ರಭಾರವನ್ನು ವರ್ಟಿಯೋ ಸಾಧನಕ್ಕೆ ವಹಿಸಿ ಕಳಚಿಕೊಳ್ಳಲಿ. ಹೊಸ ನೆಲೆಯಲ್ಲಿ ಅಲ್ಲಿಯ ನಿಜಕಾರ್ಡು ಪ್ರಭಾರವನ್ನು ಮರಳಿ ಪಡೆಯಲಿ. ಎಡ್ವಿನ್ ಝಾಯ್, ಗ್ರೆಗರಿ ಕಮಿಂಗ್ಸ್, ಯಾವೊಝು ಡಾಂಗ್ ಎಂಬವರು 2008ರ ಆಟವಾ ಲಿನಕ್ಸ್ ಸಮ್ಮೇಳನದಲ್ಲಿ ಓದಿದ ಪ್ರಬಂಧದಲ್ಲಿ ಈ ಮಾರ್ಗವನ್ನು ತೋರಿಸಿದರು. ಲಿನಕ್ಸಿನಲ್ಲಿ ಮೊದಲೇ ಇದ್ದ, ಎರಡು ಕಾರ್ಡುಗಳನ್ನು ಒಂದಾಗಿ ಕಟ್ಟುವ ಬಾಂಡಿಂಗ್ ಎಂಬ ಚಾಲಕವನ್ನು ಅವರು ಬಳಸಿಕೊಂಡರು. ಇದರಲ್ಲಿ ಒಂದು ಕೊರತೆ ಉಳಿಯಿತು. ಕಟ್ಟುವ ಕೆಲಸವನ್ನು ಅತಿಥಿಯೊಳಗೆ ಅದರ ಒಡೆಯನೇ ಮಾಡಿಕೊಳ್ಳಬೇಕು. ಯಂತ್ರವನ್ನು ಬಾಡಿಗೆಗೆ ಹಿಡಿದ ಸಾವಿರಾರು ಜನರಿಂದ ಅದನ್ನು ನಿರೀಕ್ಷಿಸುವುದು ವ್ಯವಹಾರದಲ್ಲಿ ನಡೆಯದ ಮಾತು.

ಮೈಕ್ರೋಸಾಫ್ಟಿನ ಹೈಪರ್-ವಿ ಅತಿಥಿಗಳಿಗಾಗಿ ಲಿನಕ್ಸಿನಲ್ಲಿದ್ದ ಚಾಲಕವು ಈ ಜೋಡಣೆಯನ್ನು ತಾನಾಗಿಯೇ ಮಾಡುವ ಕ್ರಮವನ್ನು ಮೊದಲೇ ಹಿಡಿದಿತ್ತು. ಅದರ ಸಾರವನ್ನು ಪ್ರತ್ಯೇಕಿಸಿ, ವರ್ಟಿಯೋವಿಗೂ ಅನ್ವಯಿಸಿ, 2018ರ ಆಗಸ್ಟಿನಲ್ಲಿ ಹೊರಬಂದ ಲಿನಕ್ಸ್ ಕರ್ನೆಲಿನ 4.18ನೆಯ ಆವೃತ್ತಿಯಲ್ಲಿ ನೆಟ್-ಫೇಲ್‌ಓವರ್ ಎಂಬ ಹೆಸರಿನಿಂದ ಸೇರಿಸಲಾಯಿತು. ವರ್ಟಿಯೋ ಸಾಧನವು ‘ನಾನು ಬದಲಿಗೆ ನಿಲ್ಲುವವನು’ ಎಂದು ಅತಿಥಿಗೆ ತಿಳಿಸಲು ಒಂದು ಗುರುತನ್ನು, ಎಂದರೆ 62ನೆಯ ಬಿಟ್ಟನ್ನು, ಎತ್ತಿ ತೋರಿಸುತ್ತದೆ. ಇದನ್ನು ಕಂಡ ಕರ್ನೆಲು ಮೂರನೆಯದಾಗಿ ಒಂದು ಯಜಮಾನ ಜಾಲದ್ವಾರವನ್ನು ನಿರ್ಮಿಸುತ್ತದೆ. ತರುವಾಯ ಅದೇ 48 ಬಿಟ್ಟುಗಳ ಮ್ಯಾಕ್ ವಿಳಾಸವನ್ನು ಹೊತ್ತ ನಿಜಕಾರ್ಡು ಬಂದೊಡನೆ ಅದನ್ನೂ ಯಜಮಾನನ ಕೆಳಗೆ ಸೇರಿಸಿಕೊಳ್ಳುತ್ತದೆ. ಕ್ರಮಲೇಖಗಳೆಲ್ಲ ವ್ಯವಹರಿಸುವುದು ಯಜಮಾನನೊಡನೆ. ಕೆಳಗೆ ಪ್ರಭಾರ ಯಾರದೆಂಬುದು ಅವುಗಳಿಗೆ ಬೇಕಾಗಿಲ್ಲ.

ಆತಿಥೇಯನ ಕಡೆಯ ಏರ್ಪಾಡು 2019ರ ಡಿಸೆಂಬರಿನಲ್ಲಿ ಕ್ಯೂಎಮು ಎಂಬ ತಂತ್ರಾಂಶದ 4.2ನೆಯ ಆವೃತ್ತಿಯೊಡನೆ ಬಂದಿತು. ಅದರಲ್ಲಿರುವ ಒಂದು ವಿವೇಕವನ್ನು ಇಲ್ಲಿ ಹೇಳದೆ ಇರಲಾರೆವು. ಅತಿಥಿಯು ಏಳುವಾಗ ನಿಜಕಾರ್ಡನ್ನು ಅದಕ್ಕೆ ತೋರಿಸುವುದೇ ಇಲ್ಲ. ಮೇಲೆ ಹೇಳಿದ ಗುರುತನ್ನು ಬಲ್ಲೆನೆಂದು ಅತಿಥಿಯು ಒಪ್ಪಿಕೊಂಡ ಮೇಲೆಯೇ ಕಾರ್ಡನ್ನು ಒಳಗೆ ಬಿಡುವುದು. ಬಿಟ್ಟುಕೊಡುವ ರೀತಿಯನ್ನು ಅರಿಯದವನಿಗೆ ಅದು ದೊರೆಯುವುದಿಲ್ಲ. ಅವನು ವರ್ಟಿಯೋದಲ್ಲಿಯೇ ತೃಪ್ತನಾಗಿರಬೇಕು.

ಸ್ಥಳಾಂತರದ ಆಜ್ಞೆಯಾದಾಗ ಕ್ಯೂಎಮು ಮೊದಲು ನಿಜಕಾರ್ಡನ್ನು ಬಿಡುವಂತೆ ಅತಿಥಿಯನ್ನು ಕೇಳುತ್ತದೆ. ಕಸಿದುಕೊಳ್ಳುವುದಿಲ್ಲ, ಕೇಳುತ್ತದೆ. ಅತಿಥಿಯ ಕರ್ನೆಲು ಕಾರ್ಡಿನ ಚಾಲಕವನ್ನು ನಿಲ್ಲಿಸಿ, ಸ್ಮೃತಿಯಲ್ಲಿ ಬರೆಯುವ ಅದರ ಹಕ್ಕನ್ನು ಹಿಂದೆಗೆದುಕೊಂಡು, ‘ಬಿಟ್ಟೆ’ ಎಂದು ಉತ್ತರ ಕೊಡಬೇಕು. ಅಲ್ಲಿಯವರೆಗೆ ಸ್ಮೃತಿಯ ಒಂದು ಪುಟವೂ ಸಾಗುವುದಿಲ್ಲ. ಅತಿಥಿಯ ಕರ್ನೆಲು ಸ್ತಬ್ಧವಾಗಿದ್ದರೆ ಉತ್ತರ ಬರುವುದೇ ಇಲ್ಲ. ಆತಿಥೇಯನು ಕಾಯುತ್ತ ನಿಲ್ಲುವನು, ಇಲ್ಲವೆ ಆಜ್ಞೆ ರದ್ದಾಗುವುದು. ಪ್ರಯಾಣವು ನಡುವೆ ಮುರಿದುಬಿದ್ದರೆ ಕಾರ್ಡನ್ನು ಹಳೆಯ ನೆಲೆಯಲ್ಲಿಯೇ ಮರಳಿ ಜೋಡಿಸುವರು.

ವಹಿಸಿಕೊಡುವ ಕ್ಷಣದಲ್ಲಿ ಹೊರಹೋಗುವ ಮಾತಿಗೂ ಒಳಬರುವ ಮಾತಿಗೂ ಒಂದೇ ಗತಿಯಲ್ಲ. ಹೊರಹೋಗುವ ಪ್ಯಾಕೆಟ್ಟುಗಳನ್ನು ಯಜಮಾನ ದ್ವಾರವು ತತ್‌ಕ್ಷಣವೇ ವರ್ಟಿಯೋ ಕಡೆಗೆ ತಿರುಗಿಸಬಲ್ಲದು. ಒಳಬರುವುವು ಹಾಗಲ್ಲ. ಎರಡೂ ಸಾಧನಗಳಿಗೆ ಒಂದೇ ಮ್ಯಾಕ್ ವಿಳಾಸವಿರುವುದರಿಂದ, ಆ ವಿಳಾಸವು ಈಗ ಯಾವ ಬಾಗಿಲಿನ ಹಿಂದೆ ಇದೆಯೆಂಬುದು ಆತಿಥೇಯನೊಳಗಿನ ಸ್ವಿಚ್ಚಿಗೂ ಕಾರ್ಡಿನೊಳಗಿನ ಸ್ವಿಚ್ಚಿಗೂ ತಿಳಿಯಬೇಕು. ಕಾರ್ಡಿನಲ್ಲಿ ಹಳೆಯ ವಿಳಾಸವನ್ನು ಅಳಿಸದೆ ಬಿಟ್ಟರೆ ಪ್ಯಾಕೆಟ್ಟುಗಳು ಕೇಳುವವರಿಲ್ಲದ ಬಾಗಿಲನ್ನು ಸೇರಿ ನಷ್ಟವಾಗುವುವು. ಹೊಸ ನೆಲೆಯನ್ನು ಸೇರಿದ ಮೇಲೆ ಕೋಣೆಯ ಇತರ ಸ್ವಿಚ್ಚುಗಳಿಗೂ ಸಾರಬೇಕು. ಯಾರೂ ಕೇಳದಿದ್ದರೂ ‘ಈ ವಿಳಾಸ ಇಲ್ಲಿದೆ’ ಎಂಬ ಪ್ರಕಟನೆಯನ್ನು ಕ್ಯೂಎಮು ಸಾಧಾರಣವಾಗಿ ಐದು ಬಾರಿ, ವಿರಾಮವನ್ನು ಹೆಚ್ಚಿಸುತ್ತ ಕಳುಹಿಸುತ್ತದೆ. ನಡುವೆ ಕಳೆದುಹೋದುದನ್ನು ಟಿಸಿಪಿ ನಿಯಮವು ಮತ್ತೆ ಕೇಳಿ ತರಿಸಿಕೊಳ್ಳುವುದರಿಂದ ಸಂಪರ್ಕ ಮುರಿಯದು. ಆದರೆ ಧ್ವನಿಯನ್ನು ಸಾಗಿಸುವಂಥ, ಮರುಕಳಿಸುವ ಏರ್ಪಾಡಿಲ್ಲದ ವ್ಯವಹಾರಗಳಲ್ಲಿ ಹೋದದ್ದು ಹೋಯಿತೇ.

2022ರ ಮೇ ತಿಂಗಳ ಲಿನಕ್ಸ್ 5.18ರಿಂದ ಈಚೆಗೆ ಬೇರೊಂದು ಮಾರ್ಗವೂ ತೆರೆದಿದೆ. ಮೆಲನಾಕ್ಸ್ ವಂಶದ ಕೆಲವು ಕಾರ್ಡುಗಳು ತಮ್ಮ ಒಳಸ್ಥಿತಿಯನ್ನು ತಾವೇ ಬರೆದುಕೊಡಬಲ್ಲವು. ಅಂಥಲ್ಲಿ ಅತಿಥಿಯನ್ನು ಕೇಳಬೇಕಾದ ಅಗತ್ಯವಿಲ್ಲ. ಇದರಿಂದ ಪ್ರಭಾರಾಂತರವು ಹಳತಾಯಿತೆಂದು ಭಾವಿಸುವುದು ಸರಿಯೆಂದು ನಮಗೆ ತೋರುವುದಿಲ್ಲ. ಬರೆದುಕೊಟ್ಟ ಸ್ಥಿತಿಯನ್ನು ಓದಲು ಹೊಸ ನೆಲೆಯಲ್ಲಿ ಅದಕ್ಕೆ ಹೊಂದುವ ಕಾರ್ಡೇ ಇರಬೇಕು. ಪ್ರಭಾರಾಂತರದಲ್ಲಿಯಾದರೋ ಅಲ್ಲಿ ಬೇರೆ ಜಾತಿಯ ಕಾರ್ಡು ಇದ್ದರೂ ಆದೀತು, ಅತಿಥಿಯಲ್ಲಿ ಅದರ ಚಾಲಕವಿದ್ದರೆ ಸಾಕು. ಕಾರ್ಡೇ ಇಲ್ಲದಿದ್ದರೂ ವರ್ಟಿಯೋ ಸಾಧನವೊಂದೇ ಕೆಲಸವನ್ನು ಮುಂದುವರಿಸಿಕೊಂಡು ಹೋಗುವುದು. ಅತಿಥಿಗೆ ಏನೂ ತಿಳಿಯಬಾರದೆಂಬ ಮೊದಲಿನ ನಿಯಮವನ್ನು ಈ ಪದ್ಧತಿಯು ಮುರಿಯಿತೆಂಬ ಆಕ್ಷೇಪಣೆಯನ್ನು ಮಾತ್ರ ಅಲ್ಲಗಳೆಯಲಾಗದು. ಮುರಿದುದು ಕರ್ನೆಲಿನ ಮಟ್ಟಿಗೆ. ಅದರ ಮೇಲೆ ಓಡುವ ಕ್ರಮಲೇಖಗಳ ಮಟ್ಟಿಗೆ ನಿಯಮವು ಈಗಲೂ ನಿಂತಿದೆ.